ಟ್ಯಾಂಕಿನೊಳಗೆ ಕೈ

ತಣ್ಣಗಿದೆ, ಹೊರಗೆ ಇಷ್ಟು ಬಿಸಿಲು ಕಾಯುತ್ತಿದ್ದರೂ ಡೀಸೆಲ್ ಮಾತ್ರ ತಣ್ಣಗೆ, ಮೊಣಕೈ ದಾಟಿ ಮೇಲಕ್ಕೆ ಬರುತ್ತಿದೆ, ಕೆನ್ನೆ ಲಾರಿಯ ಹಲಗೆಗೆ ಒತ್ತಿಕೊಂಡಿದೆ, ಮೂಗಿನ ತುಂಬ ಕುರಿಗೊಬ್ಬರ, ಅರಸೀಕೆರೆ ಕಡೆಯ ಕುರಿಗಳ ಗೊಬ್ಬರ ಹೆತ್ತೂರಿನ ಕಾಫಿ ಗಿಡದ ಬುಡಕ್ಕೆ ಹೋಗಬೇಕು, ಹೋಗದೆ ಲಾರಿ ಈ ಏರಿನ ತಿರುವಿನಲ್ಲಿ ಹಿಂದಿನ ಚಕ್ರಕ್ಕೆ ಕಲ್ಲು ಕೊಡಿಸಿಕೊಂಡು ನಿಂತಿದೆ — ಮತ್ತೆ ನಾನು, ಬಾಳ್ಳುಪೇಟೆಯ ಅಣ್ಣಯ್ಯ ಮೇಸ್ತ್ರಿ, ಮಂಗಳೂರು ರೋಡಿನಲ್ಲಿ ನನ್ನ ರಿಪೇರಿ ಶೆಡ್ಡು ಗೊತ್ತಿಲ್ಲದ ಡ್ರೈವರ್ ಇಲ್ಲ ಅಂತ ಬೀಗುತ್ತಿದ್ದವನು, ಹಸುವಿನ ಹೊಟ್ಟೆಗೆ ಕೈ ಹಾಕಿ ಕರು ಎಳೆಯುವವನ ಹಾಗೆ ಡೀಸೆಲ್ ಟ್ಯಾಂಕಿನ ಬಾಯಿಗೆ ತೋಳು ಕೊಟ್ಟು ಮಂಡಿಯೂರಿದ್ದೇನೆ, ಬೆರಳಿಗೆ ತಳ ಸಿಕ್ಕಿತು, ಕೆಸರು, ತುಕ್ಕಿನ ಚಕ್ಕೆ, ಅದೆಲ್ಲ ಇರುವುದೇ, ಹದಿನೆಂಟು ವರ್ಷದ ಹಳೇ ಗಾಡಿ, ಇನ್ನೂ ಸ್ವಲ್ಪ ಆಚೆ, ಇಂಜಿನ್ನಿಗೆ ಡೀಸೆಲ್ ಎಳೆಯುವ ಪೈಪಿನ ತುದಿ, ಅದರ ಪಕ್ಕ — ಅಯ್ಯೋ ಶಿವನೇ — ಮೆತ್ತಗೆ ಏನೋ. ಟ್ಯಾಂಕಿನೊಳಗೆ ಮೆತ್ತಗಿರುವುದು ಏನೂ ಇರಬಾರದು. ಏನಾರ ಸಿಕ್ತಾ ಮೇಸ್ತ್ರಿ, ಅಂದ ಶಿವು, ಈ ಲಾರಿಯ ಡ್ರೈವರು, ನನ್ನ ತಲೆಯ ಹತ್ತಿರವೇ ಕುಕ್ಕರಗಾಲಲ್ಲಿ ಕೂತಿದ್ದಾನೆ, ಒಂದು ಕೈಯಲ್ಲಿ ಟ್ಯಾಂಕಿನ ಮುಚ್ಚಳ, ಇನ್ನೊಂದರಲ್ಲಿ ಬಾಯಿಗೆ ಕೂರಿಸುವ ಜಾಲರಿ, ಇರೋ ಮಾರಾಯ ನೋಡ್ತಿದೀನಿ ಅಂದೆ, ನನ್ನ ದನಿ ನನಗೇ ಬೇರೆ ಯಾರದ್ದೋ ಅನ್ನಿಸಿತು, ಬಟ್ಟೆ ಅದು, ಬಟ್ಟೆ, ಬೆರಳಿಗೆ ದಪ್ಪ ಅಂಚು ತಾಕುತ್ತಿದೆ, ಅಂಚಿನುದ್ದಕ್ಕೂ ಕೈಹೊಲಿಗೆ.

ಬೇರೆ ಏನಾದರೂ ಆಗಿರಬಾರದಿತ್ತೇ, ಪಂಪು ಹೋಗಿರಬಾರದಿತ್ತೇ, ಮೂರು ತಿಂಗಳಿಂದ ನನ್ನ ಪ್ರಾಣ ತಿಂದಿದೆ ಈ ಗಾಡಿ, ಖಾಲಿ ಇದ್ದರೆ ಹುಲಿ, ಲೋಡು ಹಾಕಿ ಏರು ಹತ್ತಿಸಿದರೆ ಅರ್ಧ ದಾರಿಗೆ ಉಸಿರು ಹಿಡಿದುಕೊಳ್ಳುತ್ತೆ, ಎಷ್ಟು ತುಳಿದರೂ ಪಿಕಪ್ ಇಲ್ಲ, ಮೂರನೇ ಗೇರು, ಎರಡು, ಒಂದು, ಆಮೇಲೆ ಗೊರ್ ಅಂತ ಆಫ್, ಏರ್ ಕ್ಲೀನರ್ ಬದಲಾಯಿಸಿದೆ, ಡೀಸೆಲ್ ಫಿಲ್ಟರ್ ಎರಡೂ ಬದಲಾಯಿಸಿದೆ, ಟರ್ಬೋ ಪೈಪು ಎಲ್ಲಾದರೂ ಸೀಳಿದೆಯೋ ಅಂತ ಸೋಪಿನ ನೀರು ಹಚ್ಚಿ ನೋಡಿದೆ, ಸೈಲೆನ್ಸರ್ ಕಟ್ಟಿಕೊಂಡಿದೆಯೋ ಅಂತ ಬಿಚ್ಚಿ ಬಡಿದೆ, ಪಂಪು ನಾಝಲ್ಲು ಎಲ್ಲ ಹಾಸನಕ್ಕೆ ಕಳಿಸಿ ಟೆಸ್ಟ್ ಮಾಡಿಸಿದೆ, ಒಂದೂ ಕೆಟ್ಟಿಲ್ಲ ಅಂತ ವಾಪಸ್ ಬಂತು, ಪ್ರತಿ ಸಲ ಶೆಡ್ಡಿನಲ್ಲಿ ರೇಸ್ ಮಾಡಿದರೆ ಪಕ್ಕದ ಹೋಟ್ಲಿನ ಗಾಜಿನ ಲೋಟ ಅದುರುವಷ್ಟು ಗರ್ಜನೆ, ಪ್ರತಿ ಸಲ ಏರಿನಲ್ಲಿ ಅದೇ ರಾಗ. ಶಿವು ಮೊದಲ ದಿನವೇ ಹೇಳಿದ್ದ, ಮೇಸ್ತ್ರಿ, ಆಫ್ ಆದ್ಮೇಲೆ ಒಂದು ಬೀಡಿ ಸೇದೋವಷ್ಟು ಹೊತ್ತು ಬುಟ್ರೆ ತಾನೇ ಸರಿ ಓಯ್ತದೆ, ಆಮ್ಯಾಕೆ ಎರಡು ಮೈಲಿ ಚೆಂದಾಗಿ ಎಳೀತದೆ, ಮತ್ತೆ ಅದೇ ಕತೆ. ಬೀಡಿ ಸೇದೋಕೆ ನಿಂಗೊಂದು ನೆಪ ಕಣೋ, ಅಂದೆ ನಾನು, ಹೋಟ್ಲಿನವರೆಲ್ಲ ನಕ್ಕರು, ಅವನೂ ನಕ್ಕ ಪಾಪ. ಮೊದ್ಲು ಡ್ರೈವರ್ ಮಾತು ಕೇಳು ಆಮೇಲೆ ಸ್ಪ್ಯಾನರ್ ಮುಟ್ಟು, ಅಂತ ನನ್ನ ಉಸ್ತಾದ್ ತಲೆಗೆ ಮೊಟಕಿ ಮೊಟಕಿ ಹೇಳುತ್ತಿದ್ದರು, ನಿಂತರೆ ಸರಿಹೋಗುವ ಕಾಯಿಲೆ ಇಂಜಿನ್ನಿನದ್ದಲ್ಲ, ಏನೋ ಬಂದು ಅಡ್ಡ ಕೂರುತ್ತೆ, ಎಳೆತ ನಿಂತರೆ ಬಿಟ್ಟು ಹೋಗುತ್ತೆ, ಇಷ್ಟು ಸಣ್ಣ ವಿಚಾರ ಹೊಳೆಯಲಿಲ್ಲ, ಅರ್ಧ ಗಂಟೆ ಹಿಂದೆ ಇಲ್ಲಿ ಗಾಡಿ ನಿಂತಾಗ ಡೀಸೆಲ್ ಪೈಪು ಬಿಚ್ಚಿ ಬಾಯಿಗಿಟ್ಟು ಊದಿದೆ, ಮೊದಲು ಉಸಿರು ಹೋಗಲೇ ಇಲ್ಲ, ಕೆನ್ನೆ ಉಬ್ಬಿ ಕಣ್ಣು ಮಂಜಾಯಿತು, ಆಮೇಲೆ ಒಂದೇ ಸಲ ಸಡಿಲವಾಗಿ ಟ್ಯಾಂಕಿನೊಳಗೆ ಗುಳುಗುಳು ಸದ್ದು. ಅದಕ್ಕೇ ಜಾಲರಿ ತೆಗೆಸಿ ಕೈ ಇಳಿಸಿದೆ. ಇನ್ನೂ ಬಾಯಲ್ಲಿ ಡೀಸೆಲ್ ರುಚಿ ಇದೆ, ಎಷ್ಟು ಉಗಿದರೂ ಹೋಗುತ್ತಿಲ್ಲ.

ಗೌಡರು ರಸ್ತೆಯ ಆಚೆ ಬದಿ ಹಲಸಿನ ಮರದ ನೆರಳಿನಲ್ಲಿ ಫೋನಿನಲ್ಲಿದ್ದಾರೆ, ಬೆಳಗೋಡಿನ ಕೃಷ್ಣಪ್ಪಗೌಡರು, ಲಾರಿ ಅವರದ್ದು, ಮಾತು ಇಲ್ಲಿಗೇ ಕೇಳುತ್ತಿದೆ, ಬತ್ತದೆ ಕಣ್ರೀ ಗೊಬ್ಬರ, ಎಲ್ಲಿ ಓಡೋಯ್ತದೆ, ಮೇಸ್ತ್ರಿನೇ ಕರ್ಕೊಂಡು ಬಂದಿದೀನಿ. ಅವರ ಮುಂದೆ ನಾನು ಆ ಮಾತು ಆಡಬಾರದಿತ್ತು. ಮೂರನೇ ಸಲ ಗಾಡಿ ವಾಪಸ್ ಬಂದ ದಿನ ಶೆಡ್ಡಿನ ಕಿಟಕಿಯ ಹತ್ತಿರ ಕೂತು ಟೀ ಕುಡಿಯುತ್ತ, ಅವರ ತಲೆಯ ಹಿಂದೆ ಪರದೆ ಹಾರುತ್ತಿತ್ತು, ಯಾಕೆ ಮೇಸ್ತ್ರಿ ವಯಸ್ಸಾಯ್ತಾ ಅಂದರು, ಎಲ್ಲರೂ ನನ್ನ ಮುಖ ನೋಡಿದರು, ಆ ನೋಟ ತಡೆಯಲಾಗಲಿಲ್ಲ, ನನಗೆ ವಯಸ್ಸಾಗಿಲ್ಲ ಗೌಡ್ರೆ, ನಿಮ್ಮ ಡ್ರೈವರ್ ಕೈ ಉದ್ದ ಆಗೈತೆ, ಡೀಸೆಲ್ ಮಾರ್ಕೊಂಡು ಸೀಮೆಎಣ್ಣೆ ಬೆರೆಸಿದ್ರೆ ಗಾಡಿ ಎಲ್ಲಿ ಎಳೀತದೆ, ಅಂದುಬಿಟ್ಟೆ. ನೋಡಿ ಹೇಳಿದ್ದಲ್ಲ, ಮೂಸಿ ಹೇಳಿದ್ದಲ್ಲ, ಸುಮ್ಮನೆ, ನನ್ನ ಮಾನ ಉಳಿಸಿಕೊಳ್ಳೋಕೆ. ಶಿವು ಗಾಬರಿಯಾಗಿ ಹೆಗಲ ಟವೆಲ್ ಸರಿಮಾಡಿಕೊಂಡ, ನೋಡ್ರಪ್ಪ, ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ, ಅಂತ ಅದಕ್ಕೂ ಒಂದು ಗಾದೆ ಜೋಡಿಸಿದೆ, ನನ್ನ ನಾಲಿಗೆಗೆ ಬೆಂಕಿ ಹಾಕ. ಮೇಸ್ತ್ರಿ ಹೇಳಿದ ಮೇಲೆ ಮುಗಿಯಿತು, ಗೌಡರು ಹೇಳಿದರು, ಬರೋ ಮಂಗಳವಾರ ಕೆಂಚಮ್ಮನ ಗುಡಿ ಮುಂದೆ ಕದ್ದಿಲ್ಲ ಅಂತ ಆಣೆ ಮಾಡು, ಮಾಡಿ ಕೀ ಇಟ್ಟು ಓಗು. ಹನ್ನೊಂದು ವರ್ಷದಿಂದ ಅವರ ಲಾರಿ ಓಡಿಸಿದವನಿಗೆ. ಮಾರನೇ ದಿನ ಅವನ ಹೆಂಡತಿ ಪುಷ್ಪಾ ಶೆಡ್ಡಿಗೆ ಬಂದಳು, ಅಳಲಿಲ್ಲ, ನಿಂತೇ ಇದ್ದಳು, ಆಣೆ ಮಾಡಕ್ಕೆ ಅವ್ರಿಗೇನು ಭಯ ಇಲ್ಲ ಕಣಣ್ಣ, ಆದ್ರೆ ಆಣೆ ಮಾಡ್ಸುದ್ರು ಅಂದ್ರೆ ಸಾಕಲ್ಲ, ಊರಿಗೆ ಅದೇ ಕಳ್ಳ ಅಂದಂಗೆ, ಆಮ್ಯಾಕೆ ಯಾರು ಸ್ಟೇರಿಂಗ್ ಕೊಡ್ತಾರೆ, ನೀವೊಂದು ಸಲ ಲೋಡ್ ಗಾಡಿ ಹತ್ತಿ ನೋಡಿ. ಅವಳು ನನ್ನನ್ನು ಅಣ್ಣ ಅಂದಳು. ಅದಕ್ಕೇ ಬಂದೆ, ಕ್ಯಾಬಿನ್ನಿನಲ್ಲಿ ಇಬ್ಬರ ನಡುವೆ ಬಾನೆಟ್ಟಿನ ಬಿಸಿಗೆ ತೊಡೆ ಸುಡಿಸಿಕೊಂಡು ಬಂದೆ, ನಾಳೆಯೇ ಮಂಗಳವಾರ.

ದಪ್ಪ ಅಂಚು, ಕೈಹೊಲಿಗೆ, ಇದು ಸೀರೆಯ ಫಾಲ್, ಗರಾಜಿಗೆ ತರುವ ವೇಸ್ಟ್ ಬಟ್ಟೆಗೆ ಯಾರಾದರೂ ಫಾಲ್ ಹಾಕುತ್ತಾರೆಯೇ, ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಬಣ್ಣ ಗೊತ್ತಾಗುತ್ತಿದೆ, ಹಳದಿ, ಕೆಂಪು ಚುಕ್ಕಿ, ನನ್ನ ಹೆಂಡತಿ ಚಿನ್ನಮ್ಮ ತನ್ನ ತಮ್ಮನ ಮದುವೆಗೆ ಉಟ್ಟ ಸೀರೆ, ಬಸ್ಸಿನ ಬಾಗಿಲ ಮೊಳೆಗೆ ಸಿಕ್ಕಿ ಹರಿದು ಬಂದಾಗ ಎರಡು ದಿನ ಗೋಳಾಡಿದಳು, ಆಮೇಲೆ ತಾನೇ ಕತ್ತರಿ ಹಿಡಿದು, ನಿಮ್ ಶೆಡ್ಡು ಹಂದಿಗೂಡಿನಂಗೈತೆ ಕಣ್ರೀ ಅಂತ ಅರ್ಧದಲ್ಲಿ ಕಿಟಕಿಗೆ ಪರದೆ ಹೊಲಿದಳು, ಉಳಿದರ್ಧ ಕೈ ಒರೆಸಿಕೊಳ್ಳೋಕೆ ಕೊಟ್ಟಳು. ಆ ಅರ್ಧದಲ್ಲೇ ಹರಿದೆ ನಾನು, ಮೂರು ತಿಂಗಳ ಹಿಂದೆ, ಇದೇ ಗಾಡಿಯ ಟ್ಯಾಂಕು ಇಳಿಸಿ ತೊಳೆದು ಕೂರಿಸಿದ ದಿನ, ಹಳೇ ಜಾಲರಿ ತೂತಾಗಿತ್ತು, ಮುಚ್ಚಳದ ತಿರುಪು ಸವೆದಿತ್ತು, ಹೊಸದು ಬರುವ ತನಕ ಧೂಳು ಬೀಳದಿರಲಿ ಅಂತ ಒಂದು ಮೊಳ ಬಟ್ಟೆ ಟ್ಯಾಂಕಿನ ಬಾಯಿಗೆ ತುರುಕಿದೆ, ಶಿವು ಪಕ್ಕದಲ್ಲೇ ನಿಂತು, ಅಕ್ಕನ ಸೀರೆನೇ ಉಡ್ಸುಬುಟ್ರಲ್ಲ ಮೇಸ್ತ್ರಿ ನಮ್ ಗಾಡಿಗೆ, ಅಂತ ರೇಗಿಸಿದ. ನಕ್ಕಿದ್ದೆ. ಮಾರನೇ ದಿನ ಹೊಸ ಜಾಲರಿ ಹೊಸ ಮುಚ್ಚಳ ಹಾಕಿದವನೂ ನಾನೇ, ಬಾಯಲ್ಲಿ ಬಟ್ಟೆ ಇರಲಿಲ್ಲ, ಎಲ್ಲೋ ಬಿದ್ದು ಹೋಯಿತು ಅಂದುಕೊಂಡೆ, ಎಲ್ಲಿ ಬಿತ್ತು ಅಂತ ಯೋಚಿಸಲಿಲ್ಲ, ಮಂಗಳೂರಿನಿಂದ ಬಂದ ಟ್ಯಾಂಕರೊಂದು ಹೊರಗೆ ಹಾರ್ನ್ ಹೊಡೆಯುತ್ತಿತ್ತು, ಅಲ್ಲಿಗೆ ಓಡಿದೆ. ಆವತ್ತಿನಿಂದ ಜಾಲರಿ ಇದೆ, ಜಾಲರಿ ದಾಟಿ ನೊಣವೂ ಒಳಗೆ ಹೋಗೋಕಾಗಲ್ಲ. ಬೇರೆ ಯಾರ ಮೇಲೆ ಹಾಕಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ನೆಲವನ್ನೂ ಬಿಡಲಿಲ್ಲ, ನಿಂತು ನೋಡುತ್ತಿದ್ದವನನ್ನು ಕಳ್ಳ ಅಂದೆ.

ಮುಷ್ಟಿ ಕಟ್ಟಿದ್ದೇನೆ, ಬಟ್ಟೆ ಪೂರ್ತಿ ಅಂಗೈಯೊಳಗಿದೆ, ಎಳೆದರೆ ಮಣಿಕಟ್ಟು ಟ್ಯಾಂಕಿನ ಬಾಯಿಗೆ ಬಂದು ನಿಲ್ಲುತ್ತೆ, ಕೈ ಹೋಗುವಷ್ಟೇ ಬಾಯಿ, ಮುಷ್ಟಿ ಬರುವಷ್ಟಿಲ್ಲ, ತಗಡಿನ ಅಂಚು ಬಳೆಯಂತೆ ಚರ್ಮಕ್ಕೆ ಕೊರೆಯುತ್ತಿದೆ, ಬಿಟ್ಟರೆ ಕೈ ಬರುತ್ತೆ, ಏನೂ ಇಲ್ಲ ಕಣೋ ಬರೀ ಕೆಸರು ಅನ್ನಬಹುದು, ಇವತ್ತು ಸಂಜೆ ಟ್ಯಾಂಕು ತೊಳೀತೀನಿ ಅಂತ ಶೆಡ್ಡಿಗೆ ತರಿಸಿ ಒಬ್ಬನೇ ತೆಗೆದು ಒಲೆಗೆ ಹಾಕಬಹುದು, ಗಾಡಿ ಸರಿಹೋಗುತ್ತೆ, ಸೀಮೆಎಣ್ಣೆ ಬೆರೆಸೋದು ನಿಲ್ಸಿದ ನೋಡಿ ಗಾಡಿ ಸರಿಹೋಯ್ತು ಅಂತಾರೆ ಗೌಡರು, ಅಯ್ಯೋ, ಅದು ಇನ್ನೂ ಕೇಡು, ಗಾಡಿ ಸರಿಹೋದಷ್ಟೂ ಇವನು ಕಳ್ಳ. ಎರಡು ಬೆರಳಲ್ಲಿ ಚಿಮುಟಿ ಹಿಡಿದು ಕೈ ನೀಟಾಗಿ ಎಳೆದರೆ ಬಟ್ಟೆ ಹಿಂದೆಯೇ ಬರುತ್ತೆ, ಅದೂ ಗೊತ್ತು ನನಗೆ, ಬಟ್ಟೆ ಕೈಗೆ ಸಿಕ್ಕಾಗಿನಿಂದ ಗೊತ್ತು, ಆದರೂ ಮುಷ್ಟಿ ಬಿಚ್ಚುತ್ತಿಲ್ಲ, ಹೆದರಿಕೆ ಕಣಪ್ಪಾ, ಐವತ್ತೆಂಟು ವರ್ಷಕ್ಕೆ ಹೆದರಿಕೆ, ಬಟ್ಟೆ ಹೊರಗೆ ಬಂದರೆ ಬಾಳ್ಳುಪೇಟೆಯಲ್ಲಿ ಶೆಡ್ಡಿನ ಕಿಟಕಿಗೆ ಇದರದ್ದೇ ಪರದೆ ತೂಗುತ್ತಿದೆ, ಒಂದೊಂದು ಲಾರಿ ಹೋದಾಗಲೂ ಹಾರುತ್ತೆ, ಹಳದಿ, ಕೆಂಪು ಚುಕ್ಕಿ. ಮೇಸ್ತ್ರಿ, ಅಂದ ಶಿವು, ತೀರಾ ಮೆಲ್ಲಗೆ, ಮುಷ್ಟಿ ಬುಡಿ, ಬತ್ತದೆ. ತಲೆ ಎತ್ತಿ ನೋಡಿದೆ. ಅವನು ನನ್ನ ತೋಳು ನೋಡುತ್ತಿರಲಿಲ್ಲ, ಮುಖ ನೋಡುತ್ತಿದ್ದ. ಅಕ್ಕನ ಸೀರೆ ಅಲ್ವಾ, ಅಂದ. ಎಳೀರಿ, ನಾನೇ ಹಾಕಿ ಮರ್ತಿದ್ದೆ ಅಂತೀನಿ, ಮರೆಗುಳಿ ಅಂದ್ರೆ ಅನ್ಕಳ್ಳಿ ಬುಡಿ, ಕಳ್ಳ ಅನ್ನೋದೊಂದು ಓದ್ರೆ ಸಾಕು ನಂಗೆ, ನಿಮ್ ತಪ್ಪು ಅಂತ ಏಳುದ್ರೆ ಗೌಡ್ರು ನಂಬಾಕಿಲ್ಲ, ನಾನಂದ್ರೆ ತಕ್ಷಣ ನಂಬ್ತಾರೆ. ಅಷ್ಟೇ ಅಂದ, ಕೋಪ ಕೂಡ ಇಲ್ಲ, ಕೋಪವಾದರೂ ಮಾಡಿಕೊಳ್ಳಬಾರದಿತ್ತೇ ಬೋಳಿಮಗ, ಒಂದು ಸಲ ಕೊರಳ ಪಟ್ಟಿ ಹಿಡಿದಿದ್ದರೆ ನಾನು ಎಲ್ಲ ಹೇಳಿಬಿಡುತ್ತಿದ್ದೆ.

ಬೆರಳು ತಾವೇ ಸಡಿಲವಾದವು, ಎರಡೇ ಬೆರಳಲ್ಲಿ ಅಂಚು ಹಿಡಿದು ಎಳೆದೆ, ಕೈ ಬಂತು, ಹಿಂದೆಯೇ ಬಟ್ಟೆ, ಉದ್ದಕ್ಕೆ, ತೊಟ್ಟಿಕ್ಕುತ್ತ, ಮೂರು ತಿಂಗಳು ಡೀಸೆಲ್ಲಿನಲ್ಲಿ ಮುಳುಗಿದ್ದರೂ ಬಣ್ಣ ಬಿಟ್ಟಿಲ್ಲ ದರಿದ್ರದ್ದು, ಏನ್ ಮೇಸ್ತ್ರಿ ಸಿಕ್ತಾ, ಗೌಡರು ರಸ್ತೆ ದಾಟಿ ಬಂದೇ ಬಿಟ್ಟರು, ನಾನು ಬಾಯಿ ತೆರೆದೆ, ನಾನು ಬಾಯಿ ತೆರೆದೆ ಅನ್ನುವುದಂತೂ ನಿಜ, ಅಷ್ಟರಲ್ಲಿ ಶಿವು ಎದ್ದು ನಿಂತಿದ್ದ, ತಪ್ಪಾಯ್ತು ಗೌಡ್ರೆ, ಮುಚ್ಚಳ ಇಲ್ದಾಗ ನಾನೇ ಬಟ್ಟೆ ತುರುಕಿದ್ದೆ, ಒಳಿಕ್ಕೆ ಬಿದ್ದೋಗೈತೆ, ಗೊತ್ತಾಗ್ಲಿಲ್ಲ, ಡೀಸೆಲ್ ಮಾತ್ರ ಒಂದು ತೊಟ್ಟು ಮುಟ್ಟಿಲ್ಲ. ಗೌಡರು ಬಟ್ಟೆ ಕಸಿದುಕೊಂಡು ಅವನ ಎದೆಗೆ ಎಸೆದರು, ಅಲ್ಲಿಯೇ ಅಂಟಿಕೊಂಡಿತು. ಲೇ, ಕಳ್ಳನ್ನಾದ್ರೂ ಸಾಕ್ಬೋದು ಕಣೋ, ಇಂಥ ದಡ್ಡನ್ನ ಇಟ್ಕಂಡು ನಾನೇನ್ ಮಾಡ್ಲಿ, ಆಣೆನೂ ಬ್ಯಾಡ ಪಾಣೆನೂ ಬ್ಯಾಡ, ಕೀ ಕೊಡು, ಬಸ್ ಬತ್ತದೆ ಹತ್ಕಂಡು ಓಗು. ಶಿವು ಕೀ ತೆಗೆದ, ಗೌಡರು ಅದನ್ನು ನನ್ನ ಒದ್ದೆ ಅಂಗೈಯಲ್ಲಿಟ್ಟರು, ಮೇಸ್ತ್ರಿ ಅಂದ್ರೆ ಮೇಸ್ತ್ರಿ, ನೀವೇ ಓಡ್ಸಿ, ಗೊಬ್ಬರ ಇಳ್ಸಿ ವಾಪಸ್ ಓಗ್ತಾ ನಿಮ್ ಶೆಡ್ನಾಗೇ ಟೀ ಕುಡಿಯಾನ. ಪೈಪು, ಜಾಲರಿ, ಮುಚ್ಚಳ ಕೂರಿಸಿದೆ, ಇಂಜಿನ್ ಒಂದೇ ಸೆಲ್ಫ್ ಸ್ಟಾರ್ಟಿಗೆ ಎದ್ದಿತು, ಮೂರು ತಿಂಗಳಲ್ಲಿ ಮೊದಲ ಸಲ ಲೋಡು ಹೊತ್ತು ಏರನ್ನು ಸಲೀಸಾಗಿ ಹತ್ತುತ್ತಿದೆ, ಮಣಿಕಟ್ಟಿನ ಸುತ್ತ ತಗಡಿನ ಗೆರೆ ಕೆಂಪಗೆ, ನಿಲ್ಲಿಸಬೇಕು, ಈಗ ನಿಲ್ಲಿಸಬೇಕು, ಕನ್ನಡಿಯಲ್ಲಿ ಅವನು ರಸ್ತೆ ಬದಿಗೆ ನಿಂತಿದ್ದಾನೆ, ಎದೆಯ ಮೇಲೆ ಹಳದಿ, ಚಿಕ್ಕವನಾಗುತ್ತಿದ್ದಾನೆ, ನನ್ನ ಪಕ್ಕದ ಸೀಟಿನಲ್ಲಿ ಗೌಡರು, ಆ ಬಟ್ಟೆ ಎಲ್ಲೋ ನೋಡಿದೀನಲ್ಲ ಮೇಸ್ತ್ರಿ ನಾನು, ಅನ್ನುತ್ತಿದ್ದಾರೆ, ಎಲ್ಲಿ ಅಂತ ನೆನಪಾಗ್ತಿಲ್ಲ, ನಾನು ಗೇರು ಬದಲಾಯಿಸಿದೆ, ಬಾಳ್ಳುಪೇಟೆ, ಕಿಟಕಿ, ಚಿನ್ನಮ್ಮ ಹೊಲಿದ ಪರದೆ, ಹಳದಿ, ಕೆಂಪು ಚುಕ್ಕಿ, ಒಂದು ಲಾರಿ ಹೋಯಿತು, ಹಾರಿತು, ಬಿತ್ತು, ಇನ್ನೊಂದು ಲಾರಿ, ಹಾರಿತು, ಬಿತ್ತು, ಹಳದಿ, ಕೆಂಪು ಚುಕ್ಕಿ, ಹಾರಿತು —