ಮೊಪಾನೆ ಸೌದೆ

ಮೂರು ಕಾಲಿನ ಹಂಡೆಯ ಅಡಿಯಿಂದ ಬೊನೊಲೊ ಒಂದು ಮೊಪಾನೆ ಮರದ ಕೊರಡನ್ನು ಹೊರಗೆಳೆದಳು. ಬೆಳಗಿನ ಜಾವ ಅವಳ ಅತ್ತೆಯನ್ನು ಮಣ್ಣು ಮಾಡಿ ಬಂದವರು ಬಾಗಿಲಲ್ಲಿ ಕೈ ತೊಳೆದು ಊಟಕ್ಕೆ ಕೂರುತ್ತಿದ್ದರು. ಹಂಡೆಯಲ್ಲಿ ಎತ್ತಿನ ಮಾಂಸ ಎಳೆ ಬಿಡುವಷ್ಟು ಬೆಂದಿತ್ತು.

"ಉರಿ ಯಾಕೆ ತೆಗೀತೀಯಾ?" ಎಂದಳು ಮಾವನ ಅಕ್ಕ ಪೆಲೊನೊಮಿ, ಕುರ್ಚಿಯಿಂದ ಏಳದೆ.

"ಕೆಂಡವೇ ಸಾಕು ದೊಡ್ಡಮ್ಮ. ಮೊಪಾನೆ ಅಲ್ವಾ."

"ನಮ್ಮೂರ ಸೌದೆ ನನಗೇ ಹೇಳಿಕೊಡ್ತಾಳೆ, ಮರಳುಸೀಮೆಯವಳು."

ಪಕ್ಕದ ಮನೆಯವಳು ನಕ್ಕಳು. "ಹೇಳಿಕೊಟ್ಟಿದ್ದು ಇವಳ ಅತ್ತೆ. ಈ ಊರಲ್ಲಿ ಯಾರ ಸಾವಿಗೆ ಆಕೆಯ ಸೌದೆ ಹೊರೆ ಬರಲಿಲ್ಲ ಹೇಳಿ."

ಪೆಲೊನೊಮಿ ನಗಲಿಲ್ಲ. "ನಿನ್ನ ಗಂಡ ತೂಸೊ ಜೋಹಾನ್ಸ್‌ಬರ್ಗ್ ಗಣಿಗೆ ಹೋದವನು ನಿನ್ನನ್ನೇ ಮರೆತ. ಮಕ್ಕಳಿಲ್ಲ. ಇಷ್ಟು ದಿನ ಅವನ ತಾಯಿ ಇದ್ದಳು, ಸರಿ. ಇನ್ನು ಯಾರ ಮನೆ ಅಂತ ಇಲ್ಲಿರ್ತೀಯಾ? ಮನೆ ಈಗ ಮೊಲೆಫಿದು. ಅವನೇನಂತಾನೋ."

ಮೈದುನ ಮೊಲೆಫಿ ಸ್ಮಶಾನದಿಂದ ಮನೆಗೇ ಬಂದಿರಲಿಲ್ಲ. ಅಲ್ಲಿಂದಲೇ ಪಿಕಪ್ ಹತ್ತಿ ಕಾಡಿನ ಕಡೆ ಹೋಗಿದ್ದ. ಬೊನೊಲೊ ಸೌಟು ಹಿಡಿದು ತಟ್ಟೆ ತುಂಬುತ್ತಲೇ ಇದ್ದಳು.

*

ಮದುವೆಯಾದ ಹೊಸದರಲ್ಲಿ, ಒಂದು ಸಾವಿನ ಮನೆಯಲ್ಲಿ, ತವರಿನ ಬೇಗ ಉರಿದುಹೋಗುವ ಮುಳ್ಳುಕಟ್ಟಿಗೆಯೆಂಬಂತೆ ಅವಳು ಒಲೆಗೆ ಮೊಪಾನೆ ತುರುಕಿದ್ದಳು. ಜೋಳದ ಮುದ್ದೆ ತಳ ಹಿಡಿದು ಅಂಗಳವೆಲ್ಲ ಸೀದ ವಾಸನೆ.

"ಉರಿ ಹಾಕಿದ್ದು ಯಾರು?" ಎಂದು ಸಾವಿನ ಮನೆಯವರು ಗದರಿದರು.

"ನಾನೇ," ಎಂದಳು ಅತ್ತೆ. "ಮಾತಾಡ್ತಾ ಮರೆತೆ." ಆಮೇಲೆ ಸೊಸೆಯ ಕಿವಿಯಲ್ಲಿ, "ಇದಕ್ಕೆ ಅವಸರ ಇಲ್ಲ ಕಣೇ. ಒಂದು ಕೊರಡು ಇಟ್ಟು ಸುಮ್ಮನಿರು. ಬೆಳಗಿನ ತನಕ ಕೆಂಡ ಇರುತ್ತೆ."

ತೂಸೊನ ಸುದ್ದಿ ನಿಂತುಹೋದ ವರ್ಷ ನೆಂಟರು ಬಂದು, ಸೊಸೆಯನ್ನು ತವರಿಗೆ ಕಳಿಸು ಎಂದರು. ಅತ್ತೆ ಎರಡು ಸಿಂಬೆ ಸುತ್ತಿ ಒಂದನ್ನು ಬೊನೊಲೊಳ ತಲೆಯ ಮೇಲಿಟ್ಟಳು.

"ನಡಿ, ಸೌದೆಗೆ ಹೋಗೋಣ."

ಅತ್ತೆ ಬದುಕಿರುವ ತನಕ ಆ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

*

ಬಿಸಿಲೇರುವ ಹೊತ್ತಿಗೆ ಪಿಕಪ್ ಅಂಗಳಕ್ಕೆ ಬಂತು. ಹಿಂದೆ ಒಣಗಿದ ಮೊಪಾನೆ ಕೊರಡುಗಳ ರಾಶಿ. ಸಾವಿಗೆಂದು ಮೊಲೆಫಿ ತೊಟ್ಟಿದ್ದ ಕೋಟಿನ ತುಂಬ ಕೆಂಪು ಧೂಳು.

"ಅಡುಗೆ ಮುಗೀತಲ್ಲೋ," ಎಂದಳು ಪೆಲೊನೊಮಿ. "ಈಗ ಯಾಕೋ ಇದು?"

"ಇವತ್ತಿಗಲ್ಲ. ಚಳಿಗಾಲಕ್ಕೆ." ಅವನು ಬೊನೊಲೊಳ ಕಡೆ ತಿರುಗಿದ. "ಪ್ರತಿವರ್ಷ ತಂದು ಹಾಕ್ತೀನಿ ಅತ್ತಿಗೆ. ನಿಮ್ಮ ಮನೆ, ನೀವೇ ಹೇಳಿ. ಎಲ್ಲಿ ಒಟ್ಟಲಿ?"

ಬೊನೊಲೊ ಸೌಟಿನಿಂದ ಬೇಲಿಯ ಮೂಲೆಯ ನೆರಳನ್ನು ತೋರಿಸಿದಳು.

ಪೆಲೊನೊಮಿ ಕೂತಿದ್ದದ್ದು ಅಲ್ಲೇ. ಅವಳು ಒಮ್ಮೆ ಅವನನ್ನು, ಒಮ್ಮೆ ಇವಳನ್ನು ನೋಡಿದಳು. ಮೆಲ್ಲಗೆ ಎದ್ದು, ಕುರ್ಚಿಯನ್ನು ತಾನೇ ಎತ್ತಿ ಬಿಸಿಲಿಗೆ ಇಟ್ಟುಕೊಂಡಳು. ಮೊದಲ ಕೊರಡು ಆ ಜಾಗದಲ್ಲಿ ಕಬ್ಬಿಣದಂತೆ ಠಣ್ಣೆಂದು ಬಿತ್ತು.