ಅನುಪಮಾ ನಿಂತ ಜಾಗ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕು ಅನ್ನುವುದರಲ್ಲೇ ನನ್ನ ಮೂರು ದಿನ ಹೋಯಿತು. ಬೆನ್ನುನೋವಿನಿಂದ ಶುರು ಮಾಡಿದರೆ ಆಸ್ಪತ್ರೆಯ ಕಥೆ ಅಂದುಕೊಳ್ಳುತ್ತೀರಿ. ಪಡಸಾಲೆಯಿಂದ ಶುರು ಮಾಡಿದರೆ, ಓಹೋ, ದೊಡ್ಡ ಮನೆಯ ಕಥೆ, ಮುಂದಿನದು ಗೊತ್ತು ಬಿಡು ಅಂತ ಪುಟ ಮಗುಚುತ್ತೀರಿ. ಲ್ಯಾಪ್‌ಟಾಪಿನಿಂದ ಶುರು ಮಾಡಿದರೆ ನನ್ನ ಹೆಂಡತಿಯೂ ಓದುವುದಿಲ್ಲ.

ಹಾಳಾಗಿ ಹೋಗಲಿ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ. ಸಿಂಧನೂರಿನಲ್ಲಿ ಹಂಪಣ್ಣ ಅನ್ನುವವರ ಮನೆಯಲ್ಲಿ ಅನುಪಮಾ ನಿಂತಿದ್ದಾಳೆ. ಬೆಳಿಗ್ಗೆ ಒಂಬತ್ತಕ್ಕೆ ನಿಂತವಳು, ಈಗ ಹನ್ನೊಂದೂವರೆ. ಎಡಗಾಲಿನ ಮೇಲೆ ಸ್ವಲ್ಪ ಹೊತ್ತು, ಬಲಗಾಲಿನ ಮೇಲೆ ಸ್ವಲ್ಪ ಹೊತ್ತು.

೨

ಅನುಪಮಾ ಲಿಂಗಸುಗೂರಿನವಳು, ಇಪ್ಪತ್ತೊಂಬತ್ತು ವರ್ಷ. ನಾಲೆಯ ಕೆಳಗಿನ ಹೊಲಗಳ ಹಳೆಯ ನಕ್ಷೆಗಳನ್ನು ಕಂಪ್ಯೂಟರಿಗೆ ಏರಿಸುವ ಗುತ್ತಿಗೆ ಕೆಲಸದ ಮೇಲೆ ಎರಡು ತಿಂಗಳಿಗೆಂದು ಸಿಂಧನೂರಿಗೆ ಬಂದಿದ್ದಾಳೆ. ಜವಳಗೇರಾದ ಒಬ್ಬನ ಗದ್ದೆ ಎಲ್ಲಿ ಮುಗಿಯಿತು, ಪಕ್ಕದವನದು ಎಲ್ಲಿ ಶುರುವಾಯಿತು ಅಂತ ಮೌಸ್ ಹಿಡಿದು ಗೆರೆ ಎಳೆಯುವುದು. ಐದು ವರ್ಷ ಕೂತು ಕೂತು ಇಂಥ ಗೆರೆ ಎಳೆದು ಬೆನ್ನಿನ ಡಿಸ್ಕು ಜಾರಿದೆ. ‘ಇನ್ನು ಕೂತರೆ ಕೆಟ್ಟೆ, ನಿಂತು ಕೆಲಸ ಮಾಡು, ಸ್ಟ್ಯಾಂಡಿಂಗ್ ಡೆಸ್ಕ್ ಅಂತ ಸಿಗುತ್ತದೆ, ತಗೋ’ ಅಂದರು ಡಾಕ್ಟರು. ಹೇಳುವುದಕ್ಕೇನು! ಊರಲ್ಲದ ಊರಿನಲ್ಲಿ, ಈ ಹಂಪಣ್ಣನವರ ಮಾಳಿಗೆ ಮೇಲಿನ ಬಾಡಿಗೆ ಕೋಣೆಯಲ್ಲಿ, ಅಂಥ ಮೇಜನ್ನು ಯಾರ ಹತ್ತಿರ ಕೇಳುವುದು?

(ಮೊದಲನೇ ಡ್ರಾಫ್ಟಿನಲ್ಲಿ ಅವಳನ್ನು ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ಇಟ್ಟಿದ್ದೆ. “ಅಲ್ಲಿ ನೆಟ್ ಬರಂಗಿಲ್ರೀ ಸರ್. ಒಂದು ನಕ್ಷಾ ಅಪ್‌ಲೋಡ್ ಆಗೂದ್ರಾಗ ಹೊತ್ತು ಮುಳುಗತೈತಿ” ಅಂತ ತಕರಾರು ತೆಗೆದು ತಾನೇ ಹೊರಬಿದ್ದಳು. ಹನ್ನೆರಡು ಪುಟ ನೀರುಪಾಲು.)

ಹಂಪಣ್ಣನವರದು ಹಳೆಯ ಕಾಲದ ಮನೆ. ಬಾಗಿಲು ದಾಟಿದ ಕೂಡಲೇ ತಗ್ಗಿನ ಜಾಗ, ಹಿಂದೆ ಅಲ್ಲಿ ದನ ಕಟ್ಟುತ್ತಿದ್ದರು, ಈಗ ಎರಡು ಬೈಕು ನಿಂತಿವೆ. ಅಲ್ಲಿಂದ ಮೂರು ಮೆಟ್ಟಿಲು ಹತ್ತಿದರೆ ಎತ್ತರದ ಪಡಸಾಲೆ, ಮನೆಯವರು ಕೂರುವ ಜಾಗ. ವೈಫೈ ಡಬ್ಬಿ ಪಡಸಾಲೆಯ ಕಂಬಕ್ಕೆ ಹೊಡೆದಿದೆ, ಮಾಳಿಗೆಯ ಕೋಣೆಗೆ ಸಿಗ್ನಲ್ ಹತ್ತುವುದಿಲ್ಲ. ಎರಡನೇ ದಿನವೇ ಅನುಪಮಾ ಕಂಡುಹಿಡಿದಳು: ತಗ್ಗಿನಲ್ಲಿ ನಿಂತು, ಪಡಸಾಲೆಯ ಅಂಚಿಗೆ ಒಂದು ಸಣ್ಣ ಟ್ರಂಕು ಇಟ್ಟು, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟರೆ ಬರೋಬ್ಬರಿ ಮೊಣಕೈ ಎತ್ತರಕ್ಕೆ ಬರುತ್ತದೆ. ಬೆನ್ನು ನೆಟ್ಟಗೆ, ನೋವು ಅರ್ಧಕ್ಕರ್ಧ ಕಡಿಮೆ. ಖುಷಿಯಿಂದ ಅವಳು ಆ ದಿನ ನಲವತ್ತು ನಕ್ಷೆ ಮುಗಿಸಿದಳು.

೩

ಇಲ್ಲಿ ಹಂಪಣ್ಣನವರು ನನ್ನ ಮೇಲೆ ರೇಗಿದರು.

“ನಾ ಏನ್ ಮಾಡೀನ್ರೀ? ದಿನಾ ಹೇಳ್ತೀನಿ, ಮ್ಯಾಲ ಬರ್ರಿ ಮೇಡಂ, ಖುರ್ಚಿ ಐತಿ, ಕುಂದರ್ರಿ ಅಂತ. ಆಕಿನ ಒಲ್ಲೆ ಅಂತಾಳ. ನೀವು ನೋಡಿದ್ರ ನನ್ನ ವಿಲನ್ ಮಾಡಾಕ ಹೊಂಟೀರಿ.”

ಇಲ್ಲ ಹಂಪಣ್ಣ, ನಿಮ್ಮನ್ನು ವಿಲನ್ ಮಾಡುವುದಿಲ್ಲ. ನೀವು ಒಳ್ಳೆಯವರು, ಚಹಾ ಸಹ ಕಳಿಸುತ್ತೀರಿ. ಆದರೆ ನೀವು ಚಹಾ ಕುಡಿಯುವುದು ಪಿಂಗಾಣಿ ಕಪ್ಪು-ಬಸಿಯಲ್ಲಿ, ಅವಳಿಗೆ ಕಳಿಸುವುದು ಪೇಪರ್ ಕಪ್ಪಿನಲ್ಲಿ. ಯಾಕೆ?

“ಆಫೀಸಿನವ್ರು ಅಲ್ರೀ, ಅವ್ರಿಗೆ ಅದಽ ಸ್ವಚ್ಛ.”

ಇರಬಹುದು. ಅನುಪಮಾ ಆ ಕಪ್ಪನ್ನು ದಿನಾ ನೋಡುತ್ತಾಳೆ, ಕುಡಿಯುತ್ತಾಳೆ, ಮುದುಡಿ ಚೀಲದಲ್ಲಿ ಹಾಕಿಕೊಳ್ಳುತ್ತಾಳೆ. ಕೇಳಿಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಅನ್ನುವ ಅಂಜಿಕೆಗಿಂತ, ಕೇಳಿದ ಮೇಲೆ ವೈಫೈ ಇರುತ್ತದೋ ಇಲ್ಲವೋ ಅನ್ನುವ ಅಂಜಿಕೆ ಅವಳಿಗೆ ಜಾಸ್ತಿ. ನಾನೂ ಬಿಡಿಸಿ ಬರೆಯಲಿಲ್ಲ. ಹೇಡಿ ಅನ್ನಿ ಬೇಕಾದರೆ.

೩ (ಮತ್ತೊಮ್ಮೆ, ಮುಖ್ಯವಾದದ್ದು ಬಿಟ್ಟೇಹೋಯಿತು)

ಮಂಗಳವಾರ ಅಪ್ಪನ ವಿಡಿಯೋ ಕಾಲ್ ಬಂತು.

ಅಪ್ಪ ಅಂದರೆ ಗಂಗಾಧರಪ್ಪ. ಲಿಂಗಸುಗೂರಿನ ಸರ್ಕಾರಿ ಕಚೇರಿಯೊಂದರಲ್ಲಿ ಜವಾನನಾಗಿ ಸೇರಿ ಹನ್ನೊಂದು ವರ್ಷ ಸಾಹೇಬರ ಬಾಗಿಲ ಹೊರಗೆ ನಿಂತವರು, ಆಮೇಲೆ ಪರೀಕ್ಷೆ ಪಾಸು ಮಾಡಿ ಗುಮಾಸ್ತನಾದವರು. ಅವರ ತಾಯಿ ಅಯ್ಯಮ್ಮ ಹರೆಯದಲ್ಲಿ ಮುದಗಲ್ ಕಡೆಯ ಹಳ್ಳಿಯಲ್ಲಿ ಇಂಥದೇ ಒಂದು ದೊಡ್ಡ ಮನೆಯ ತಗ್ಗಿನಲ್ಲಿ ಸೆರಗೊಡ್ಡಿ ನಿಂತು ಜೋಳ ಹಾಕಿಸಿಕೊಂಡವಳು. ಮೆಟ್ಟಿಲು ಹತ್ತುವಂತಿರಲಿಲ್ಲ. ಈಗ ಮನೆಯಲ್ಲಿ ಬುದ್ಧನ ಫೋಟೋ, ಬಾಬಾಸಾಹೇಬರ ಫೋಟೋ, ಮಗಳ ಡಿಪ್ಲೊಮಾ ಫೋಟೋ ಒಂದೇ ಸಾಲಿನಲ್ಲಿವೆ. “ನನ್ನ ಮಗಳದು ಕುಂತು ಮಾಡೋ ಕೆಲಸ” ಅಂತ ಗಂಗಾಧರಪ್ಪ ಹಾಲಿನ ಅಂಗಡಿಯಲ್ಲೂ ಹೇಳುತ್ತಾರೆ, ಕಟಿಂಗ್ ಶಾಪಿನಲ್ಲೂ ಹೇಳುತ್ತಾರೆ. ಹೀಗಿರುವಾಗ, ಕೂತು ಕೂತೇ ನನ್ನ ಬೆನ್ನು ಹೋಯಿತು ಅಂತ ಮಗಳು ಯಾವ ಬಾಯಿಂದ ಹೇಳಬೇಕು? ಐದು ತಿಂಗಳಿಂದ ಮುಚ್ಚಿಟ್ಟಿದ್ದಾಳೆ.

“ಎಲ್ಲಿದ್ದೀ, ಮನಿ ತೋರ್ಸು” ಅಂದರು ಅಪ್ಪ. ಇವಳು ಹಿಂದೆ ಮುಂದೆ ನೋಡದೆ ಫೋನು ತಿರುಗಿಸಿದಳು. ಫೋನಿನಲ್ಲಿ ಕಂಡದ್ದು ಹಂಪಣ್ಣನವರ ಎರಡು ಪಾದ. ಅವರು ಖುರ್ಚಿಯಲ್ಲಿ ಕಾಲಮೇಲೆ ಕಾಲು ಹಾಕಿ ಪೇಪರ್ ಓದುತ್ತಿದ್ದರು, ಪಾದ ಸರಿಯಾಗಿ ಇವಳ ಮುಖದ ಎತ್ತರಕ್ಕಿತ್ತು.

“ನೀ ಎಲ್ಲಿ ನಿಂತೀ?”

“ಕೆಳಗಪ್ಪಾ.”

“ಅಂವ ಎಲ್ಲಿ ಕುಂತಾನ?”

ಇವಳು ಫೋನನ್ನು ತನ್ನ ಕಡೆ ತಿರುಗಿಸಿಕೊಳ್ಳುವುದರೊಳಗೆ ಕಾಲ್ ಕಟ್ಟಾಯಿತು. ಆಮೇಲೆ ಅಪ್ಪ ಫೋನ್ ಎತ್ತಿಲ್ಲ. ಬುಧವಾರ ಇಲ್ಲ, ಗುರುವಾರ ಇಲ್ಲ. ತಾಯಿಯಿಲ್ಲದ ಮಗಳನ್ನು ಸಾಕಿದ ಮನುಷ್ಯ, ಒಂದು ದಿನವೂ ‘ಉಂಡಿಯೇನು’ ಅಂತ ಕೇಳದೆ ಮಲಗಿದವರಲ್ಲ. ಅನುಪಮಾಗೆ ಬೆನ್ನಿಗಿಂತ ಈ ನೋವು ದೊಡ್ಡದಾಯಿತು. ಒಂದು ಗದ್ದೆಯನ್ನು ಎರಡು ಸಲ ಅಳಿಸಿ ಎರಡು ಸಲವೂ ತಪ್ಪು ಗೆರೆ ಎಳೆದಳು.

೫ (ನಾಲ್ಕನ್ನು ಹರಿದುಹಾಕಿದೆ. ಅದರಲ್ಲಿ ತುಂಬಾ ಭಾಷಣವಿತ್ತು)

ಇದನ್ನು ಬಗೆಹರಿಸಲು ಒಬ್ಬಳಿಂದ ಮಾತ್ರ ಸಾಧ್ಯ ಅಂತ ನಾನು ಅಯ್ಯಮ್ಮನ ಹತ್ತಿರ ಹೋದೆ. ಅಜ್ಜಿ ಅಂಗಳದಲ್ಲಿ ಬಿಸಿಲಿಗೆ ಕಾಲು ಚಾಚಿ ಕೂತಿದ್ದಳು.

“ಆಯಿ, ಒಂದೇ ಒಂದು ಮಾತು ಹೇಳಿಬಿಡಿ. ‘ನಮ್ಮನ್ನ ನಿಂದ್ರಸ್ತಿದ್ರು, ಮೊಮ್ಮಗಳು ತಾನಾಗೇ ನಿಂತಾಳ, ಎರಡೂ ಒಂದಲ್ಲ’ ಅಂತ. ನಿಮ್ಮ ಮಗ ಒಪ್ಪುತ್ತಾನೆ, ಕಥೆಯೂ ಮುಗಿಯುತ್ತದೆ.”

ಅಯ್ಯಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. “ಅದನ್ಯಾಕ ನನ್ನ ಬಾಯಾಗ ತುರುಕ್ತೀ ತಮ್ಮಾ? ನಿನ್ನ ಎದಿ ಹಗುರಾಗ್ಲಿ ಅಂತೇನು?”

“ಹಾಗಲ್ಲ ಆಯಿ...”

“ನಿಮ್ಮದು ಯಾವೂರು?”

ತುರ್ವಿಹಾಳ ಅಂದೆ. ನನ್ನ ಮುತ್ತಜ್ಜನ ಮನೆಗೂ ಮೂರು ಮೆಟ್ಟಿಲಿನ ಪಡಸಾಲೆ ಇತ್ತು, ತಗ್ಗಿನಲ್ಲಿ ಜನ ನಿಲ್ಲುತ್ತಿದ್ದರು ಅಂತ ಹೇಳಲಿಲ್ಲ. ಅವಳು ಕೇಳಲೂ ಇಲ್ಲ. “ಹೂಂ” ಅಂದು ಮೊಣಕಾಲು ತಿಕ್ಕಿಕೊಂಡಳು. ಆ ‘ಹೂಂ’ಗೆ ನನಗೆ ಬೆವರು ಬಂತು. ಪುಣ್ಯಕ್ಕೆ ನೀರು ಕೊಟ್ಟಳು, ಕುಡಿದು ಎದ್ದು ಬಂದೆ.

೬

ಮುಕ್ತಾಯ ಒಂದು: ಹಂಪಣ್ಣ ತಾವಾಗಿ ಮೆಟ್ಟಿಲಿಳಿದು ಬಂದು ಅನುಪಮಾಳ ಪಕ್ಕ ನಿಲ್ಲುತ್ತಾರೆ. ಗಂಗಾಧರಪ್ಪ ಅದನ್ನು ವಿಡಿಯೋದಲ್ಲಿ ನೋಡಿ ಕಣ್ಣೊರೆಸಿಕೊಳ್ಳುತ್ತಾರೆ.

“ಇದು ಸೀರಿಯಲ್ ಆತ್ರೀ ಸರ್” ಅಂದಳು ಅನುಪಮಾ. “ಹಂಪಣ್ಣೋರು ಪೇಪರ್‌ನಿಂದ ತಲಿ ಎತ್ತಿದ್ರ ಅದಽ ಸಾಕು.”

ಮುಕ್ತಾಯ ಎರಡು: ಅನುಪಮಾ ಕೆಲಸ ಬಿಟ್ಟು ಮಸ್ಕಿ ಮೇಲೆ ಹೋಗುವ ಬಸ್ಸಿಗೆ ಊರಿಗೆ ಹೋಗುತ್ತಾಳೆ.

“ಹೋಗಿ ಏನ್ ಮಾಡ್ಲಿ? ಕುಂದರ್ಲೇನು?”

ಹೀಗೆ ನಾವಿಬ್ಬರೂ ಜಗಳಾಡುತ್ತಿರುವಾಗ, ಭಾನುವಾರ ಬೆಳಿಗ್ಗೆ, ಗಂಗಾಧರಪ್ಪ ನನ್ನನ್ನು ಒಂದು ಮಾತೂ ಕೇಳದೆ ಮನೆಯಿಂದ ಹೊರಟುಬಿಟ್ಟರು. ಕೈಯಲ್ಲಿ ಒಂದು ಖುರ್ಚಿ. ನಿವೃತ್ತಿಯಾದ ವರ್ಷ ಕಚೇರಿಯ ಹಳೇ ಸಾಮಾನಿನ ಹರಾಜಿನಲ್ಲಿ ಹಿಡಿದದ್ದು, ಬೆತ್ತದ ಹೆಣಿಕೆಯ ಸಾಗವಾನಿ ಖುರ್ಚಿ, ಗುಮಾಸ್ತನಾದ ಮೇಲೆ ಅವರು ಕೂತ ಅವರದೇ ಖುರ್ಚಿ. ಮೊದಲ ಬಸ್ಸಿನ ಕಂಡಕ್ಟರು ಮಸ್ಕಿಯ ತನಕ ತಂದು, ರಶ್ಶಾಯಿತು, ಇಳಿಸಿಕೊಳ್ಳಿ ಅಂದ. ಮಸ್ಕಿಯ ಸ್ಟ್ಯಾಂಡಿನಲ್ಲಿ ಒಂದೂಕಾಲು ಗಂಟೆ ಅವರು ಖುರ್ಚಿಯ ಪಕ್ಕ ನಿಂತಿದ್ದರು. “ಮಾರಾಕೇನ್ರೀ?” ಅಂತ ಇಬ್ಬರು ಕೇಳಿದರು. ಇನ್ನೊಬ್ಬ, “ಯಜಮಾನ್ರ, ಖುರ್ಚಿ ಇಟ್ಕೊಂಡು ಯಾಕ ನಿಂತೀರಿ, ಕುಂದರ್ರಲ್ಲ” ಅಂದ.

“ಮಗಳಿಗಿ ಒಯ್ಯಾಕತ್ತೀನಿ” ಅಂದರಂತೆ. ಕೂರಲಿಲ್ಲ.

೭

ಹಂಪಣ್ಣನವರ ಬಾಗಿಲಿಗೆ ಬಂದಾಗ ಹನ್ನೆರಡು ದಾಟಿತ್ತು. ಭಾನುವಾರವಾದರೂ ಅನುಪಮಾ ತಗ್ಗಿನಲ್ಲಿ ನಿಂತು ಬಾಕಿ ನಕ್ಷೆ ಮುಗಿಸುತ್ತಿದ್ದಳು. ಅಪ್ಪನನ್ನು ಕಂಡು ಮೌಸ್ ಕೈಬಿಟ್ಟಳು.

“ಬರ್ರಿ ಬರ್ರಿ, ಮ್ಯಾಲ ಬರ್ರಿ” ಅಂದರು ಹಂಪಣ್ಣ.

ಗಂಗಾಧರಪ್ಪ ಖುರ್ಚಿ ಎದೆಗವಚಿಕೊಂಡು ಮೆಟ್ಟಿಲು ನೋಡಿದರು. ಅರವತ್ತಮೂರು ವರ್ಷದಲ್ಲಿ ಇಂಥ ಮನೆಯ ಇಂಥ ಮೆಟ್ಟಿಲನ್ನು ಅವರು ಹತ್ತಿದ್ದಿಲ್ಲ. ಒಂದು, ಎರಡು, ಮೂರು. ಹತ್ತಿದರು. ಹಂಪಣ್ಣನವರ ಖುರ್ಚಿಗೆ ಎದುರುಬದುರು ತಮ್ಮ ಖುರ್ಚಿ ಊರಿ, ಹೆಗಲ ಮೇಲಿನ ಟವೆಲ್ಲಿನಿಂದ ಒರೆಸಿ, ಮಗಳ ಕಡೆ ತಿರುಗಿದರು.

“ಕುಂದ್ರು ಬಾ.”

ಐದು ದಿನದ ಮೇಲೆ ಮಗಳಿಗೆ ಆಡಿದ ಮೊದಲ ಮಾತು.

(ಒಂದು ನಿಮಿಷ ಕೂತುಬಿಡು ಮಾರಾಯ್ತಿ, ಆ ಮನುಷ್ಯನ ಮುಖ ನೋಡಿಯಾದರೂ, ಅಂತ ನಾನು ಬೇಡಿಕೊಂಡೆ. ಅವಳೂ ಅದನ್ನೇ ಅಂದುಕೊಂಡಳು.) ಮೇಲೆ ಬಂದಳು. ಖುರ್ಚಿಯ ಕೈ ಹಿಡಿದು ಅರ್ಧ ಬಗ್ಗಿದಳು. ಸೊಂಟದಿಂದ ಹಿಮ್ಮಡಿಯ ತನಕ ಚುಳುಕ್ ಅಂತು, ಕಣ್ಣು ಕತ್ತಲೆಗಟ್ಟಿತು. ಹಲ್ಲು ಕಚ್ಚಿ ಹಾಗೇ ಮೇಲೆದ್ದಳು.

“ಆಗವಲ್ದು ಅಪ್ಪಾ.”

“ಯಾರರ ಏನರ ಅಂದಾರೇನು?” ಗಂಗಾಧರಪ್ಪನ ದನಿ ಏರಿತು. ಹಂಪಣ್ಣ ಪೇಪರ್ ಮಡಚಿದರು.

“ಯಾರೂ ಅಂದಿಲ್ಲ. ಕುಂತು ಕುಂತಽ ಬೆನ್ನು ಹೋಗೇತಿ. ಐದು ತಿಂಗಳಾತು. ಡಾಕ್ಟರಽ ನಿಂದ್ರು ಅಂದಾರ.”

“ನನಗ್ಯಾಕ ಹೇಳ್ಲಿಲ್ಲ?”

“ಊರ ತುಂಬಾ ಹೇಳ್ಕೊಂಡು ಬಂದೀ, ನನ್ನ ಮಗಳು ಕುಂತು ಕೆಲಸ ಮಾಡ್ತಾಳ ಅಂತ. ಅದಽ ನಂಗ ಆಗವಲ್ದು ಅಂತ ನಿಂಗ ಹೆಂಗ ಹೇಳ್ಲಿ?” ಅಂದವಳಿಗೆ ಅಳು ತಡೆಯಲಾಗಲಿಲ್ಲ. ಹಂಪಣ್ಣನವರ ಎದುರಿಗೇ ಅತ್ತಳು.

ಗಂಗಾಧರಪ್ಪ ಖುರ್ಚಿಯನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಮೆಲ್ಲಗೆ, “ಎಲ್ಲಿ ನೋಯ್ತೈತಿ?” ಅಂದರು.

ಅನುಪಮಾ ಬೆನ್ನು ತಿರುಗಿಸಿ ನಿಂತಳು. ಅಪ್ಪ ಅಂಗೈ ಇಟ್ಟರು. “ಇಲ್ಲೇನು?” “ಇನ್ನಷ್ಟು ಕೆಳಗ.” “ಇಲ್ಲಿ?” “ಹೂಂನಪ್ಪಾ. ಅಲ್ಲೇ.”

ಈಗ ನೀವು ಕೇಳುತ್ತೀರಿ: ಮಗಳನ್ನು ಕರಕೊಂಡು ಹೋದರೋ ಬಿಟ್ಟುಹೋದರೋ? ಅವಳು ಮತ್ತೆ ತಗ್ಗಿಗೆ ಇಳಿದಳೋ ಇಲ್ಲವೋ? ಹಂಪಣ್ಣ ಬಾಯಿ ಬಿಟ್ಟರೋ? ಇದರಲ್ಲಿ ಯಾವುದನ್ನು ಹೇಳಬೇಕೆಂದರೂ ಮೊದಲು ಆ ಅಂಗೈಯನ್ನು ಅವಳ ಬೆನ್ನಿನಿಂದ ತೆಗೆಸುವ ಒಂದು ವಾಕ್ಯ ಬರೆಯಬೇಕು. ನಾನು ಬರೆಯುವುದಿಲ್ಲ, ಏನು ಮಾಡಿಕೊಳ್ಳುತ್ತೀರೋ ಮಾಡಿಕೊಳ್ಳಿ.