ಕೆಂಪಿಯ ಹೆಣ

ಸತ್ತ ಹಸುವಿಗಾಗಿ ಇಷ್ಟೊಂದು ರಂಪವೇ ಎಂದು ನಾಶಿಕದ ಹತ್ತಿರದ ಘೋಟಿಯ ಪೇಟೆಯವರು ನಕ್ಕರು. ನಗಲಿ, ಅವರ ಗಂಟೇನು ಹೋಗಬೇಕು! ಅವರ ಮಕ್ಕಳು ಕೆಂಪಿಯ ಹಾಲಿನಿಂದ ಬದುಕಿದವರಲ್ಲ. ಹೆತ್ತ ಗುಣವತಿಯ ಎದೆಯಲ್ಲಿ ಒಂದು ಹನಿಯೂ ಇಲ್ಲದಾಗ ಅವಳ ಕೂಸನ್ನು ಉಳಿಸಿದ್ದು ಆ ಹಸುವಿನ ಕೆಚ್ಚಲು. ಅರವತ್ತೇಳರ ಬೇಸಿಗೆಯಲ್ಲಿ ಲಾರಿಯೊಂದು ಕೆಂಪಿಯ ಸೊಂಟ ಮುರಿದು ಹೋಯಿತು. ಸಾಯುತ್ತಿದ್ದ ಹಸುವಿನ ಕಿವಿಯಲ್ಲಿ ಗುಣವತಿ ಒಂದೇ ಮಾತು ಹೇಳಿದಳು: "ನಿನ್ನನ್ನು ನಾಯಿಪಾಲು ಮಾಡುವುದಿಲ್ಲ, ಅಮ್ಮಾ."

ಅವಳ ಗಂಡ ಭುಜಂಗ ಉಡುಪಿ ಕಡೆಯವನು, ಹೆದ್ದಾರಿ ಪಕ್ಕದಲ್ಲಿ ಶಾಕಾಹಾರಿ ಹೋಟೆಲು ಇಟ್ಟಿದ್ದ. "ಊರಲ್ಲಿ ನಾವು ಹೂಳುವುದು, ಇಲ್ಲಿಯೂ ಹೂಳುವುದೇ" ಎಂದ. ಆದರೆ ಘೋಟಿಯ ನೆಲ ಉಡುಪಿಯ ನೆಲವೇ? ಗೇಣುದ್ದ ಅಗೆದರೆ ಕರಿಬಂಡೆ, ಗುದ್ದಲಿಗೆ ಕಿಡಿ. ಮೆತ್ತಗಿದ್ದದ್ದು ಹೋಟೆಲಿನ ಹಿತ್ತಲು ಮಾತ್ರ. ಆರು ವರ್ಷ ಎಂಜಲೆಲೆ ಎಸೆದು, ಗಂಜಿ ತೆಳಿ ಚೆಲ್ಲಿ ಕೊಳೆತ ಜಾಗ ಅದು. ಅಲ್ಲಿಯೇ ಮೊಣಕಾಲುದ್ದ ತೋಡಿ, ಉಪ್ಪು ಸುರಿದು, ಅರಿಶಿನ ಹಚ್ಚಿ ಕೆಂಪಿಯನ್ನು ಹೂಳಿದರು. ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಪೇಟೆಯ ನಾಯಿಗಳೆಲ್ಲ ದಿನವೂ ಉಣ್ಣುತ್ತಿದ್ದ ಜಾಗವೇ ಅದು.

ಮೂರನೆಯ ಬೆಳಗಾಗುವಷ್ಟರಲ್ಲಿ ನಾಯಿಗಳು ಮಣ್ಣು ಕೆದರಿ ಹೆಣ ಹೊರಗೆಳೆದಿದ್ದವು. ಕೆಂಪಿ ಡೋಲಿನ ಹಾಗೆ ಊದಿದ್ದಳು, ಕಾಲು ನಾಲ್ಕೂ ಸೆಟೆದಿದ್ದವು. ಒಂದು ಹಳದಿ ಗಂಡುನಾಯಿ ಕೆಚ್ಚಲಿನ ಮೊಲೆಯೊಂದನ್ನು ಕಚ್ಚಿ ಜಗ್ಗುತ್ತಿತ್ತು. ಅದನ್ನು ಕಂಡ ಗುಣವತಿಗೆ ತನ್ನ ಎದೆಗೇ ಹಲ್ಲು ಹಾಕಿದಂತಾಯಿತು. ಒನಕೆ ತಂದು ಬೀಸಿದಳು. ಒಂದು ನಾಯಿಯ ಬೆನ್ನು ಲಟಕ್ಕೆಂದಿತು. ಉಳಿದವು ಹತ್ತು ಹೆಜ್ಜೆ ಸರಿದು ನಿಂತು ಹಲ್ಲು ತೋರಿಸಿದವು.

ಭುಜಂಗ ಮೂಗಿಗೆ ಹೆಗಲ ಬೈರಾಸು ಒತ್ತಿಕೊಂಡು, ಹೋಟೆಲಿಗೆ ಸೌದೆ ತರುವ ಪ್ರೇಮಾಬಾಯಿಯನ್ನು ಕರೆದ. "ನಿಮ್ಮವರನ್ನು ಕಳಿಸು ಬಾಯೀ, ಎಳೆದು ಹಾಕಲಿ."

ಪ್ರೇಮಾಬಾಯಿ ಸೌದೆಯ ಹೊರೆಯನ್ನು ದಡಾರನೆ ಕೆಡವಿದಳು. "ನಮ್ಮವರು ಬೌದ್ಧ ದೀಕ್ಷೆ ತಗೊಂಡು ಸತ್ತ ದನ ಎಳೆಯೋ ಕೆಲಸ ಬಿಟ್ಟು ಹತ್ತು ವರ್ಷ ಆಯ್ತು, ಅಣ್ಣಾ. ಬದುಕಿದ್ದಾಗ ತಾಯಿ, ಸತ್ತ ಮೇಲೆ ನಮ್ಮ ಪಾಲಾ? ನಿಮ್ಮ ತಾಯಿಯನ್ನು ನೀವೇ ಎಳೀರಿ."

ಭುಜಂಗ ಒಂದು ಹೆಜ್ಜೆ ಹಿಂದೆ ಸರಿದ. ಗುಣವತಿ ಮಾತ್ರ ಅವಳ ಮುಂದೆ ಹೋಗಿ ನಿಂತು, "ನೀನು ಎಳೆಯುವುದು ಬೇಡ ಅಕ್ಕಾ. ಹೇಗೆ ಅಂತ ಹೇಳು, ಸಾಕು" ಎಂದಳು.

ಪ್ರೇಮಾಬಾಯಿ ಗುಡ್ಡದ ಕಡೆಗೆ ಕೈ ತೋರಿಸಿದಳು. "ಬಯಲಿಗೆ ಒಯ್ಯಿ. ಬಿಸಿಲೇರಿದ ಮೇಲೆ ರಣಹದ್ದು ಬರ್ತಾವೆ. ದನದ ತೊಗಲು ದಪ್ಪ, ಹೊಟ್ಟೆ ನೀನೇ ಸೀಳಬೇಕು. ಗುಂಪು ಇಳಿದರೆ ಮಧ್ಯಾಹ್ನದೊಳಗೆ ಎಲುಬು. ಆದರೆ ಮನುಷ್ಯರು ನಿಂತಿದ್ದರೆ ಅವು ಇಳಿಯೋದಿಲ್ಲ. ನೀನು ಸರಿದರೆ ನಾಯಿ ಬಿಡೋದಿಲ್ಲ. ಅದು ನಿನಗೆ ಬಿಟ್ಟದ್ದು."

ಚಹಾಕ್ಕೆ ನಿಂತಿದ್ದ ಲಾರಿಯವನೊಬ್ಬ ಸರಪಳಿ ಕಟ್ಟಿ ಹೆಣವನ್ನು ಗುಡ್ಡದ ಬಯಲಿಗೆ ಎಳೆದುಕೊಟ್ಟ. ಗುಣವತಿ ಹಲಸು ಹೆಚ್ಚುವ ಕತ್ತಿ ಹಿಡಿದು ಹಿಂದೆಯೇ ನಡೆದಳು. "ಗೋವಿಗೆ ಕತ್ತಿ ಹಾಕ್ತೀಯಾ? ನಿನಗೆಂತ ಮರ್ಲಾ, ಹುಚ್ಚು ಹಿಡಿದಿದೆಯಾ ಮಾರಾಯ್ತಿ!" ಎಂದು ಭುಜಂಗ ರಸ್ತೆಯಾಚೆಯಿಂದಲೇ ಕೂಗಿದ. ಅವಳು ತಿರುಗಿ ನೋಡಲಿಲ್ಲ.

ಜೀವಮಾನದಲ್ಲಿ ಮೀನನ್ನೂ ಮುಟ್ಟದ ಕೈ ಅದು. ಮೊದಲ ಏಟಿಗೆ ತೊಗಲು ಹರಿಯಲಿಲ್ಲ. ಎರಡನೆಯದಕ್ಕೆ ಹೊಟ್ಟೆ ಒಡೆದು, ಕೊಳೆತ ಗಾಳಿಯೂ ಕರುಳೂ ಅವಳ ಮೊಣಕಾಲ ಮೇಲೆ ಬಂದು ಬಿದ್ದವು. ವಾಂತಿ ಮಾಡಿಕೊಂಡಳು, ಬಾಯಿ ಒರೆಸಿಕೊಂಡು ಮತ್ತೆ ಸೀಳಿದಳು. ಮೇಲೆ ಆಗಲೇ ಹದ್ದುಗಳು ಸುತ್ತುತ್ತಿದ್ದವು. ನಾಯಿಗಳೂ ಬಂದಿದ್ದವು. ಅವಳು ಲಾರಿಯವನನ್ನು ದೂರ ಕಳಿಸಿ, ಹೆಣದ ಮಗ್ಗುಲಲ್ಲೇ ನೆಲಕ್ಕೆ ಒರಗಿ, ಮೈಮೇಲೆ ಗೋಣಿ ಎಳೆದುಕೊಂಡು ಸತ್ತವಳಂತೆ ಮಲಗಿಬಿಟ್ಟಳು.

ಕೆಂಪಿಯ ಮೇಲಿನ ಹುಳ ಅವಳ ಕುತ್ತಿಗೆಗೆ ಹರಿದವು. ಮೇಲೆ ಒಂದು ನೆರಳು ಹಾದುಹೋಯಿತು, ಇನ್ನೊಂದು ಹಾದುಹೋಯಿತು. ಅಷ್ಟರಲ್ಲಿ ಹಳದಿ ನಾಯಿ ಬಂತು. ಅದು ನೇರ ಕೆಚ್ಚಲಿಗೇ ಬಾಯಿ ಹಾಕಲು ಹೋದಾಗ ಗುಣವತಿ ಗೋಣಿಯಿಂದ ಕೈ ಚಾಚಿ ಅದರ ಬಾಯಿಗೇ ಅಡ್ಡ ಕೊಟ್ಟಳು. ಹಲ್ಲು ಎಲುಬಿನವರೆಗೆ ಇಳಿಯಿತು. ಅವಳು ಕಿರುಚಲಿಲ್ಲ, ಕಿರುಚಿದರೆ ಹದ್ದು ಹಾರಿಹೋದಾವು. ಇನ್ನೊಂದು ಕೈಯ ಕತ್ತಿಯನ್ನು ಅದರ ಕುತ್ತಿಗೆಗೆ ಒತ್ತಿ ಎಳೆದಳು, ಮತ್ತೆ ಎಳೆದಳು. ಬಿಸಿ ರಕ್ತ ಮುಖಕ್ಕೆ ಚಿಮ್ಮಿತು. ನಾಯಿ ಅವಳ ಮೇಲೆಯೇ ಒದ್ದಾಡಿ ಒದ್ದಾಡಿ ತಣ್ಣಗಾಯಿತು.

ಆಗ ಮೊದಲ ರಣಹದ್ದು ದೊಪ್ಪನೆ ಇಳಿಯಿತು. ಹಿಂದೆಯೇ ಹತ್ತು, ಮೂವತ್ತು, ಎಣಿಸಲು ಯಾರಿಂದಾಗುತ್ತಿತ್ತು! ಬೋಳು ಕುತ್ತಿಗೆಗಳನ್ನು ಸೀಳಿದ ಹೊಟ್ಟೆಯೊಳಗೆ ತೂರಿಸಿ ಬುಸುಗುಟ್ಟಿದವು, ಒಂದನ್ನೊಂದು ರೆಕ್ಕೆಯಿಂದ ಬಡಿದವು, ಕರುಳು ಹಿಡಿದು ಜಗ್ಗಾಡಿದವು. ಹತ್ತಿರ ಬಂದ ನಾಯಿಯೊಂದರ ಮೂತಿ ಕಿತ್ತವು. ಗುಣವತಿ ಸತ್ತ ನಾಯಿಯನ್ನು ಅವುಗಳ ಕಡೆಗೇ ನೂಕಿ, ತೆವಳಿ ಹೊರಗೆ ಬಂದಳು. ಅವು ಅವಳನ್ನು ಲೆಕ್ಕಕ್ಕೇ ಇಟ್ಟುಕೊಳ್ಳಲಿಲ್ಲ.

ಮಧ್ಯಾಹ್ನಕ್ಕೆ ಎಲುಬುಗೂಡು ಉಳಿಯಿತು. ಕೆಚ್ಚಲಿದ್ದ ಜಾಗದಲ್ಲಿ ಬಿಸಿಲು ಬಿದ್ದಿತ್ತು. ಅದನ್ನು ಕಂಡ ಮೇಲೆಯೇ ಅವಳು ಎದೆ ಬಡಿದುಕೊಂಡು ಗಟ್ಟಿಯಾಗಿ ಅತ್ತಳು.

ಭುಜಂಗ ಹೋಟೆಲಿನ ಹಿಂಬಾಗಿಲಲ್ಲಿ ಅಡ್ಡ ನಿಂತಿದ್ದ. ರಕ್ತ ಸೋರುತ್ತಿದ್ದ ಕೈ ಕಂಡು ಬೈರಾಸನ್ನು ಅವಳತ್ತ ಎಸೆದ. "ನಾಯಿ ಕಚ್ಚಿದೆ, ನಾಶಿಕಕ್ಕೆ ಹೋಗಬೇಕು, ಹೊಟ್ಟೆಗೆ ಹದಿನಾಲ್ಕು ಸೂಜಿ. ಬಾ." ಮತ್ತೆ ಕೇಳಿದ: "ಆದರೆ ಗುಣವತೀ, ಈ ಕೈಯಿಂದ ಬಡಿಸಿದ ಅನ್ನ ನಾನು ಹೇಗೆ ಉಣ್ಣಲಿ?"

"ಹಸಿದರೆ ಉಣ್ಣುತ್ತೀರಿ" ಎಂದಳು ಗುಣವತಿ. "ಇಲ್ಲದಿದ್ದರೆ ನಾಳೆಯಿಂದ ನೀವೇ ಬಡಿಸಿಕೊಳ್ಳಿ." ಅವನನ್ನು ತಳ್ಳಿ ಒಳಗೆ ಹೋಗಿ, ಆ ಕೈಯಿಂದಲೇ ನೀರು ಮೊಗೆದು ಕುಡಿದಳು.